ಧಣಿಗಳ ಹೆಸರಿನ ರಸ್ತೆ: ಉಡುಪಿ ಕಡೆಯ ಒಂದು ಊರಿನ ಪ್ರಕರಣ

ಮೊದಲೇ ಹೇಳಿಬಿಡುತ್ತೇನೆ. ಈ ಜಗಳದಲ್ಲಿ ನಾನು ರಸ್ತೆಯ ಹೆಸರು ಬದಲಾಗಬೇಕು ಎಂದವರ ಕಡೆ ಇದ್ದೆ, ಈಗಲೂ ಇದ್ದೇನೆ. ಆದರೆ ನಾವು ಹಿಡಿದ ದಾರಿಗಳೆಲ್ಲ ಸರಿಯಿರಲಿಲ್ಲ. ಅದರಲ್ಲಿ ಎರಡು ತಪ್ಪು ನಾನೇ ಮಾಡಿದ್ದು. ಬೇರೆ ಊರಿನವರಿಗೆ ಉಪಯೋಗವಾಗಲಿ ಎಂದು ನಡೆದದ್ದನ್ನೆಲ್ಲ ಬರೆಯುತ್ತಿದ್ದೇನೆ.

ಊರು ಉಡುಪಿಯ ಆಸುಪಾಸಿನದ್ದು, ಅಷ್ಟು ಸಾಕು. ಮನೆತನ, ಜಾತಿ, ಶಾಲೆಯ ಹೆಸರು ಯಾವುದನ್ನೂ ಹೇಳುವುದಿಲ್ಲ. ನಮ್ಮ ಕಡೆ ಜಾತಿ ಹೇಳಿ, ನದಿಯ ಆಚೆಯೋ ಈಚೆಯೋ ಎಂದು ಹೇಳಿದರೆ ಸಾಕು, ಯಾವ ಗುತ್ತಿನ ಮನೆ, ಅಂದರೆ ಯಾವ ಹಳೆಯ ಯಜಮಾನಿಕೆಯ ಮನೆತನ, ಎಂದು ಗೊತ್ತಾಗಿಬಿಡುತ್ತದೆ. ಗುರುತು ಸಿಗಬಾರದೆಂದು ಕೆಲವು ಸಣ್ಣ ವಿವರಗಳನ್ನು ಬದಲಿಸಿದ್ದೇನೆ. ಮಾತುಗಳನ್ನು ಬದಲಿಸಿಲ್ಲ.

ರಸ್ತೆ ಮತ್ತು ಧಣಿಗಳು

ಬಸ್ ಸ್ಟಾಪಿನಿಂದ ಹೊರಟು ಭಜನಾ ಮಂದಿರ, ರೇಷನ್ ಅಂಗಡಿ, ಪ್ರಾಥಮಿಕ ಶಾಲೆ ದಾಟಿ, ಒಂದು ಏರು ಹತ್ತಿ, ಕರಾವಳಿಯ ಬುಡಕಟ್ಟಿನವರಾದ ಕೊರಗರ ಕಾಲೊನಿಯ ಹತ್ತಿರ ಮುಗಿಯುವ ರಸ್ತೆ ಅದು. ಸ್ಟಾಪಿನ ಬಳಿ ಕೆಂಪುಕಲ್ಲಿನ ಸಣ್ಣ ಕಟ್ಟೆ, ಅದರ ಮೇಲೆ ಹಳದಿ ಬೋರ್ಡ್. ಬೋರ್ಡಿನಲ್ಲಿ ಧಣಿಗಳ ಹೆಸರು.

ಧಣಿಗಳು ಈ ಭಾಗ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ ಕಾಲದವರು. ಊರಿನ ಪಟೇಲರೂ ಹೌದು. ಸ್ವಾತಂತ್ರ್ಯ ಬಂದ ಹೊಸತರಲ್ಲಿ ಆಗಿನ ಜಿಲ್ಲಾ ಬೋರ್ಡಿನ ಶಾಲೆಗೆ ಜಾಗ ಕೊಟ್ಟರು, ಬಾವಿ ತೋಡಿಸಿದರು, ಶಾಲೆಗೆ ಹೋಗಲು ಈ ದಾರಿ ಕಡಿಸಿದರು. ನನ್ನ ಅಪ್ಪ ಆ ಶಾಲೆಯಲ್ಲಿ ಐದನೆಯವರೆಗೆ ಓದಿದವರು, ನಾನು ಏಳರವರೆಗೆ. ಆ ಶಾಲೆ ಇರದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಇದನ್ನು ಮರೆತು ಮಾತಾಡಿದರೆ ಅನ್ಯಾಯವಾಗುತ್ತದೆ.

ಇನ್ನೊಂದು ಕಡೆ ಚಾಲಗೇಣಿ ಇತ್ತು. ಕರಾವಳಿಯ ಹೊರಗಿನವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮೂಲಗೇಣಿಯವರಿಗೆ ಭೂಮಿಯ ಮೇಲೆ ಕಾಯಂ ಹಕ್ಕು ಇತ್ತು, ಗೇಣಿಯೂ ಏರುತ್ತಿರಲಿಲ್ಲ. ಚಾಲಗೇಣಿಯವರಿಗೆ ಆ ಭದ್ರತೆ ಇಲ್ಲ. ವರ್ಷ ವರ್ಷ ಧಣಿ ಒಪ್ಪಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಗೇಣಿ ಅಕ್ಕಿಯನ್ನು ಬೈಹುಲ್ಲಿನ ಮುಡಿ ಕಟ್ಟಿ ಹೊತ್ತು ಧಣಿಯ ಅಂಗಳಕ್ಕೆ ತಂದು ಹಾಕಬೇಕು. ಅದರ ಮೇಲೆ ಹಬ್ಬಕ್ಕೆ ಬಾಳೆಗೊನೆ, ಸೌತೆಕಾಯಿ, ಕೋಳಿ. ಕರೆದಾಗ ಬಿಟ್ಟಿ ಕೆಲಸ. ಬೆಳೆ ಹೋದ ವರ್ಷವೂ ಗೇಣಿ ಗೇಣಿಯೇ.

ಭೂಸುಧಾರಣೆ ಕಾನೂನು 1961ರಲ್ಲೇ ಆಗಿತ್ತು, 1965ರಲ್ಲಿ ಜಾರಿಗೂ ಬಂತು. ಆದರೆ ನಮ್ಮ ಒಕ್ಕಲುಗಳಿಗೆ ಭೂಮಿ ನಿಜವಾಗಿ ಕೈಗೆ ಬಂದದ್ದು ದೇವರಾಜ ಅರಸರ ಕಾಲದ ತಿದ್ದುಪಡಿಯಿಂದ, 1974ರ ಮಾರ್ಚ್ 1ರಿಂದ. ಗೇಣಿ ಭೂಮಿಯ ಹಕ್ಕು ಕೇಳಿ ಫಾರಂ ನಂಬರ್ 7 ತುಂಬಿ ಕೊಡುವುದನ್ನು ಇಲ್ಲಿನವರು ಈಗಲೂ ‘ಡಿಕ್ಲರೇಶನ್ ಹಾಕಿದ್ದು’ ಎಂದೇ ಹೇಳುತ್ತಾರೆ. ನನ್ನ ಅಜ್ಜನೂ ಹಾಕಿದರು. ಗದ್ದೆ ಬಂತು. ಆದರೆ ಕಾನೂನು ಬರುತ್ತದೆ ಎಂಬ ಸುದ್ದಿ ಹಬ್ಬಿದ ವರ್ಷಗಳಲ್ಲೇ ಕೆಲವು ಒಕ್ಕಲುಗಳಿಂದ ‘ನಾನಾಗಿ ಬಿಟ್ಟುಕೊಟ್ಟಿದ್ದೇನೆ’ ಎಂದು ಹೆಬ್ಬೆಟ್ಟು ಒತ್ತಿಸಿಕೊಂಡದ್ದೂ ಉಂಟು. ನಮ್ಮ ಊರಿನಲ್ಲಿ ಹಾಗೆ ಹೋದ ಮನೆಗಳು ಯಾವುವು ಎಂದು ಹಿರಿಯರಿಗೆ ಗೊತ್ತು. ಜೋರಾಗಿ ಯಾರೂ ಹೇಳುತ್ತಿರಲಿಲ್ಲ.

ಕಮಾನಿನಿಂದ ಶುರುವಾದ ಜಗಳ

ಬೋರ್ಡ್ ಇದ್ದಷ್ಟು ದಿನ ಯಾರಿಗೂ ಏನೂ ಅನಿಸಿರಲಿಲ್ಲ ಎಂದಲ್ಲ. ಅನಿಸಿದ್ದನ್ನು ಹೇಳುವ ಸಂದರ್ಭ ಬಂದಿರಲಿಲ್ಲ. ಶಾಲೆಗೆ ಎಪ್ಪತ್ತೈದು ತುಂಬುವ ಹೊತ್ತಿಗೆ ರಸ್ತೆಗೆ ಕಾಂಕ್ರೀಟ್ ಬಂತು. ಅದೇ ವೇಳೆಗೆ ಧಣಿಗಳ ಕುಟುಂಬದವರು, ಈಗ ಹೆಚ್ಚಿನವರು ಮುಂಬೈ ಬೆಂಗಳೂರಿನಲ್ಲಿರುವವರು, ಸ್ಟಾಪಿನ ಹತ್ತಿರ ದೊಡ್ಡ ಕಮಾನು ಕಟ್ಟಿಸಿಕೊಡುತ್ತೇವೆ ಎಂದರು. ಮೇಲೆ ಧಣಿಗಳ ಫೋಟೋ, ಕೆಳಗೆ ಹೆಸರು. ಹಣವೆಲ್ಲ ಅವರದ್ದೇ.

ಹಳದಿ ಬೋರ್ಡನ್ನು ನೋಡದೆ ಹೋಗಬಹುದು. ಕಮಾನಿನ ಕೆಳಗೆ ದಿನಾ ನುಸುಳಿ ಹೋಗಬೇಕು, ಅಲ್ವಾ? ಹೀಗೆ ಮೊದಲು ಹೇಳಿದವರು ಒಬ್ಬ ಟೀಚರ್. ಅವರ ಅಜ್ಜ ಹೆಬ್ಬೆಟ್ಟು ಒತ್ತಿ ಊರು ಬಿಟ್ಟವರು, ಅವರ ಅಮ್ಮ ಮದುವೆಯಾಗಿ ತಿರುಗಿ ಇದೇ ಊರಿಗೆ ಬಂದವರು. ಟೀಚರ್ ಒಂದು ಕರಪತ್ರ ಬರೆದರು. ಕಮಾನು ಬೇಡ, ರಸ್ತೆಯ ಹೆಸರೂ ಬೇಡ, ಬದಲಿಗೆ ಕುದ್ಮುಲ್ ರಂಗರಾಯರ ಹೆಸರಿಡಿ ಎಂದು ಅದರಲ್ಲಿತ್ತು. 1897ರಲ್ಲಿ ಮಂಗಳೂರಿನಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿ, ಶಾಲೆಯ ಮೆಟ್ಟಿಲು ಹತ್ತಲು ಬಿಡದ ಮಕ್ಕಳಿಗೆ ಶಾಲೆ ತೆರೆದವರು ರಂಗರಾಯರು. ಮಂಗಳೂರಿನ ಪುರಭವನಕ್ಕೆ ಅವರದೇ ಹೆಸರು. ನಾನು ಹಳೆ ವಿದ್ಯಾರ್ಥಿ ಸಂಘದ ಕಾರ್ಯದರ್ಶಿ. ಕರಪತ್ರಕ್ಕೆ ನಾನೂ ಸಹಿ ಹಾಕಿದೆ.

ಒಂದು ವಾರದಲ್ಲಿ ಊರು ಎರಡಾಯಿತು. ‘ಅನ್ನ ಕೊಟ್ಟವರ ಹೆಸರು ಅಳಿಸುತ್ತೀರಾ’ ಎಂದು ಒಂದು ವಾಟ್ಸಾಪ್ ಗುಂಪು, ‘ಯಾರ ಅನ್ನ ಯಾರು ಕೊಟ್ಟದ್ದು’ ಎಂದು ಇನ್ನೊಂದು. ಒಂದು ಬೆಳಿಗ್ಗೆ ನೋಡಿದರೆ ಬೋರ್ಡಿಗೆ ಟಾರು ಬಳಿದಿದ್ದರು. ಯಾರೆಂದು ಇವತ್ತಿಗೂ ಗೊತ್ತಿಲ್ಲ. ಪೊಲೀಸರು ಬಂದು ಟೀಚರ್ ಮನೆಯಲ್ಲಿ ವಿಚಾರಿಸಿ ಹೋದರು. ಅವರ ಗಂಡ ಅಂದು ರಾತ್ರಿ ನನಗೆ ಫೋನ್ ಮಾಡಿ, ‘ಅಣ್ಣ, ಇದೆಲ್ಲ ಇಲ್ಲಿಗೆ ಬಿಟ್ಟುಬಿಡುವ’ ಎಂದರು.

ಪಂಚಾಯತಿಯ ಅಭಿವೃದ್ಧಿ ಅಧಿಕಾರಿ, ಅಂದರೆ ಪಿಡಿಒಗೆ ಭಯ. ಅವರನ್ನು ದೂರಲಾರೆ. ಕಾರ್ಕಳ ತಾಲೂಕಿನ ಬೋಳದಲ್ಲಿ 2022ರ ಜೂನ್‌ನಲ್ಲಿ ರಸ್ತೆ ಬದಿ ಗೋಡ್ಸೆ ಹೆಸರಿನ ಬೋರ್ಡ್ ಕಾಣಿಸಿಕೊಂಡು, ಪಂಚಾಯತಿಯವರು ತೆಗೆಸಿ, ರಾಜ್ಯವೆಲ್ಲ ಸುದ್ದಿಯಾದದ್ದು ಎಲ್ಲರಿಗೂ ನೆನಪಿದೆ. ಅದಕ್ಕೆ ಮೊದಲು 2017ರಲ್ಲಿ ಮಂಗಳೂರಿನ ಲೈಟ್‌ಹೌಸ್ ಹಿಲ್ ರಸ್ತೆಗೆ ವಿಜಯಾ ಬ್ಯಾಂಕ್ ಬೆಳೆಸಿದ ಮುಲ್ಕಿ ಸುಂದರರಾಮ ಶೆಟ್ಟರ ಹೆಸರಿಡುವ ವಿಷಯದಲ್ಲಿ ದೊಡ್ಡ ಗದ್ದಲವೇ ಆಗಿತ್ತು. ರಸ್ತೆಯ ಹೆಸರು ಎಂದರೆ ಅಧಿಕಾರಿಗಳು ಕುರ್ಚಿಯಿಂದ ಅರ್ಧ ಏಳುತ್ತಾರೆ. ಇಬ್ಬರೂ ಮಾತಾಡಿಕೊಂಡು ಬನ್ನಿ, ಆಮೇಲೆ ನೋಡುವ ಎಂದು ಅವರು ಕಡತ ಮುಚ್ಚಿದರು.

ನನ್ನ ಮೊದಲ ತಪ್ಪು

ಮಾತುಕತೆಗೆ ಶಾಲೆಯ ಜಗಲಿಯಲ್ಲಿ ಸಭೆ ಕರೆದೆವು. ನಾನು ಎರಡು ಪುಟ ಸಿದ್ಧಮಾಡಿಕೊಂಡು ಹೋಗಿದ್ದೆ. ಎಡಗಡೆ ಧಣಿಗಳು ಮಾಡಿದ ಒಳ್ಳೆಯದು, ಬಲಗಡೆ ಕೆಟ್ಟದ್ದು. ಎರಡನ್ನೂ ಇಟ್ಟರೆ ಯಾರೂ ಪಕ್ಷಪಾತ ಎನ್ನಲಾರರು ಎಂದು ನನ್ನ ಎಣಿಕೆ.

ಓದಿ ಮುಗಿಸುವ ಮೊದಲೇ ಸಭೆ ಕೆಟ್ಟಿತು. ಒಬ್ಬರು ಬರಗಾಲದ ವರ್ಷ ಧಣಿಗಳ ಮನೆಯಲ್ಲಿ ಗಂಜಿ ಹಾಕಿದ್ದು ಯಾಕೆ ಬರೆದಿಲ್ಲ ಎಂದರು. ಇನ್ನೊಬ್ಬರು, ತಮ್ಮ ದೊಡ್ಡಪ್ಪನನ್ನು ಗೇಣಿ ಬಾಕಿಗಾಗಿ ಅಂಗಳದಲ್ಲಿ ಬಿಸಿಲಿಗೆ ನಿಲ್ಲಿಸಿದ್ದು ಎಲ್ಲಿದೆ ಎಂದರು. ಧಣಿಗಳ ಸೊಸೆ, ಎಂಬತ್ತು ದಾಟಿದವರು, ಹಿಂದಿನ ಬೆಂಚಿನಲ್ಲಿ ಕೂತಿದ್ದರು. ನನ್ನ ಪಟ್ಟಿ ಕೇಳಿ, ‘ನಮ್ಮ ಮಾವನಿಗೆ ನೀನು ಮಾರ್ಕು ಹಾಕುತ್ತಿದ್ದೀಯಾ ಮಗಾ’ ಎಂದು ಕೇಳಿದರು. ಸಿಟ್ಟಿನಲ್ಲಿ ಅಲ್ಲ. ಅವರ ಕಣ್ಣಲ್ಲಿ ನೀರಿತ್ತು.

ಆ ಪ್ರಶ್ನೆ ನನಗೆ ನಾಟಿತು. ಒಳ್ಳೆಯದನ್ನು ಒಂದು ತಟ್ಟೆಯಲ್ಲಿ, ಕೆಟ್ಟದ್ದನ್ನು ಇನ್ನೊಂದರಲ್ಲಿ ಇಟ್ಟು ತೂಗಿದರೆ ಯಾವ ಕಡೆ ವಾಲಿದರೂ ಅರ್ಧ ಊರು ಸೋಲುತ್ತದೆ. ಶಾಲೆಯ ಒಂದು ಬಾವಿಗೆ ಎಷ್ಟು ಹೆಬ್ಬೆಟ್ಟು ಸಮ? ಹಾಗೆ ಲೆಕ್ಕ ಹಾಕಲು ಬರುವುದೇ ಇಲ್ಲ. ಆ ಪುಟಗಳನ್ನು ನಾನು ಮತ್ತೆ ಹೊರಗೆ ತೆಗೆಯಲಿಲ್ಲ.

ಸಹಿ ಸಂಗ್ರಹವೂ ಆಯಿತು, ಎರಡೂ ಕಡೆಯಿಂದ. ಎರಡು ಪಟ್ಟಿ ಪಕ್ಕ ಪಕ್ಕ ಇಟ್ಟಾಗ ಎಷ್ಟೋ ಹೆಸರು ಎರಡರಲ್ಲೂ ಇದ್ದವು. ರೇಷನ್ ಅಂಗಡಿಯವರನ್ನು ಕೇಳಿದೆ. ‘ಬಂದವರೆಲ್ಲ ನಮಗೆ ಬೇಕಾದವರೇ, ಇಲ್ಲ ಎನ್ನುವುದು ಹೇಗೆ’ ಎಂದರು. ಸಹಿಯಿಂದ ಊರಿನ ಮನಸ್ಸು ಗೊತ್ತಾಗುವುದಿಲ್ಲ, ಯಾರಿಗೆ ಯಾರ ದಾಕ್ಷಿಣ್ಯ ಎಂದು ಮಾತ್ರ ಗೊತ್ತಾಗುತ್ತದೆ.

ನಡಾವಳಿ ಪುಸ್ತಕ

ಮೊದಲ ತಿರುವು ಸಿಕ್ಕಿದ್ದು ಪಂಚಾಯತಿಯ ಕಪಾಟಿನಲ್ಲಿ. ಹೆಸರು ಬದಲಿಸಬೇಕಾದರೆ ಹಳೆಯ ನಿರ್ಣಯದ ನಂಬರ್ ಬೇಕು ಎಂದು ಪಿಡಿಒ ಹೇಳಿದ್ದರು. ಬೋರ್ಡ್ ಹಾಕಿದ್ದು ಮಂಡಲ ಪಂಚಾಯತ್ ಇದ್ದ ಕಾಲದಲ್ಲಿ, ಅಂದರೆ 1987ರ ನಂತರ. ಆ ಕಾಲದ ನಡಾವಳಿ ಪುಸ್ತಕಗಳನ್ನು ಒಬ್ಬ ನಿವೃತ್ತ ಬ್ಯಾಂಕ್ ಉದ್ಯೋಗಿ ಎರಡು ದಿನ ಕೂತು ಓದಿದರು. ಅವರು ಕಮಾನಿನ ಪರ ಇದ್ದವರು, ಅದಕ್ಕೇ ಅವರನ್ನು ಕೇಳಿಕೊಂಡದ್ದು. ಪುಸ್ತಕದಲ್ಲಿ ಬೋರ್ಡಿನ ಮಾತೇ ಇರಲಿಲ್ಲ. ಕುಟುಂಬದವರು ಬೋರ್ಡ್ ಮಾಡಿಸಿ ತಂದರು, ಆಗಿನವರು ಹಾಕಿಸಿದರು, ಅಷ್ಟೆ. ಯಾವ ನಿರ್ಣಯವೂ ಆಗಿರಲಿಲ್ಲ.

ಅಂದರೆ ಆ ರಸ್ತೆಗೆ ಕಾಗದದಲ್ಲಿ ಹೆಸರೇ ಇರಲಿಲ್ಲ!

ಇದರಿಂದ ಮಾತಿನ ಧಾಟಿ ಬದಲಾಯಿತು. ‘ಧಣಿಗಳ ಹೆಸರು ತೆಗೆಯಬೇಕೇ’ ಎನ್ನುವುದು ಹೋಗಿ ‘ಈ ರಸ್ತೆಗೆ ಏನು ಹೆಸರಿಡಬೇಕು’ ಎಂಬ ಪ್ರಶ್ನೆ ಬಂತು. ಕೇಳಲು ಒಂದೇ ಥರ ಅನಿಸಬಹುದು. ಆದರೆ ಮೊದಲನೆಯದರಲ್ಲಿ ಒಬ್ಬರಿಂದ ಕಿತ್ತುಕೊಳ್ಳುವುದಿದೆ, ಎರಡನೆಯದರಲ್ಲಿ ಅದಿಲ್ಲ. ಇಂಥ ಜಗಳಕ್ಕೆ ಇಳಿಯುವವರು ಕರಪತ್ರ ಬರೆಯುವ ಮೊದಲು ನಡಾವಳಿ ನೋಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ.

ವಿಳಾಸದ ಭಯವೂ ಅಲ್ಲೇ ಕಳೆಯಿತು. ಆಧಾರ್, ಪಂಚಾಯತಿಯ ಆಸ್ತಿ ದಾಖಲೆ 9/11, ಪಹಣಿ ಅಂದರೆ ಆರ್‌ಟಿಸಿ ಎಲ್ಲ ಬದಲಿಸಬೇಕಾಗುತ್ತದೆ ಎಂದು ಕೆಲವರು ಹೆದರಿಸಿದ್ದರು. ಆರ್‌ಟಿಸಿ ಇರುವುದು ಸರ್ವೆ ನಂಬರಿನ ಮೇಲೆ, ರಸ್ತೆಯ ಹೆಸರಿನ ಮೇಲೆ ಅಲ್ಲ. ಮನೆಗಳ ವಿಳಾಸ ಹೋಗುವುದು ಮನೆ ನಂಬರ್, ಗ್ರಾಮ, ಅಂಚೆಯ ಮೇಲೆ. ಮನೆ ಮನೆಯ ಆಧಾರ್ ಕಾರ್ಡ್ ತೆಗೆದು ನೋಡಿದೆವು, ಯಾರೂ ರಸ್ತೆಯ ಹೆಸರು ಬರೆಸಿರಲಿಲ್ಲ.

ಮನೆ ಮನೆಗೆ

ಆಮೇಲೆ ಸಭೆ ಬಿಟ್ಟು ಮನೆಗಳಿಗೆ ಹೋದೆವು. ನಾವು ಐದು ಜನ: ಆ ಬ್ಯಾಂಕಿನವರು, ಟೀಚರ್, ಆಶಾ ಕಾರ್ಯಕರ್ತೆ ಒಬ್ಬರು, ನಾನು, ಜೊತೆಗೆ ಧಣಿಗಳ ಮೊಮ್ಮಗ. ಮೊಮ್ಮಗ ಬೆಂಗಳೂರಿನ ಕೆಲಸ ಬಿಟ್ಟು ಬಂದು ಇಲ್ಲಿ ತೋಟ ನೋಡಿಕೊಳ್ಳುತ್ತಿದ್ದಾರೆ. ಅವರಾಗಿಯೇ ಬರುತ್ತೇನೆ ಎಂದರು. ಕೇಳಿದ ಪ್ರಶ್ನೆ ಒಂದೇ: ನಿಮ್ಮ ಮನೆಯಲ್ಲಿ ಈ ರಸ್ತೆಯನ್ನು ಏನೆಂದು ಕರೆಯುತ್ತೀರಿ?

ಧಣಿಗಳ ಹೆಸರು ಹೇಳಿದವರು ತುಂಬಾ ಕಡಿಮೆ. ಮಕ್ಕಳು ‘ಶಾಲೆ ರೋಡ್’ ಎಂದರು. ರಿಕ್ಷಾದವರು ಹೆಸರಿನ ಮೊದಲ ಎರಡು ಅಕ್ಷರ ಹೇಳಿದರು, ಅದು ಯಾರೆಂದು ಅವರಲ್ಲಿ ಕೆಲವರಿಗೆ ಗೊತ್ತೇ ಇರಲಿಲ್ಲ. ಇದು ನಮ್ಮ ಜಿಲ್ಲೆಗಳ ಹಳೆಯ ಅಭ್ಯಾಸ. ಮಂಗಳೂರಿನಲ್ಲಿ ಕೆ.ಎಸ್. ರಾವ್ ರೋಡ್ ಎಂದು ದಿನಕ್ಕೆ ಹತ್ತು ಸಲ ಹೇಳುವವರಲ್ಲಿ, ಸ್ವಾತಂತ್ರ್ಯ ಚಳುವಳಿಗೆ ಮನೆ ಮಠ ಕಳೆದುಕೊಂಡ ಕಾರ್ನಾಡ್ ಸದಾಶಿವರಾಯರನ್ನು ನೆನೆಯುವವರು ಎಷ್ಟು? ಉಡುಪಿಯ ಕೆ.ಎಂ. ಮಾರ್ಗದಲ್ಲಿ ಸೀರೆ ಕೊಳ್ಳುವವರಿಗೆ ಕವಿ ಮುದ್ದಣ ಕಾಣುತ್ತಾರಾ? ದೊಡ್ಡವರ ಹೆಸರಿಟ್ಟರೆ ಅವರು ಉಳಿಯುತ್ತಾರೆ ಎಂಬ ನಂಬಿಕೆ ನನ್ನಲ್ಲಿ ಅಲ್ಲಿಂದ ಸಡಿಲವಾಯಿತು. ರಂಗರಾಯರ ಹೆಸರಿಡುವ ನಮ್ಮ ಬೇಡಿಕೆಯೂ ಹಾಗೆಯೇ. ಟೀಚರ್ ಒಂದು ಸಂಜೆ ಚಾ ಕುಡಿಯುತ್ತಾ ಹೇಳಿದರು, ‘ಧಣಿಗಳನ್ನು ಸೋಲಿಸಲು ನಾನು ರಂಗರಾಯರನ್ನು ಎಳೆದು ತಂದೆ ಅಣ್ಣ, ಅವರಿಗೂ ಅದು ಮರ್ಯಾದೆ ಅಲ್ಲ.’

ಹಿರಿಯರ ಬಾಯಲ್ಲಿ ಮಾತ್ರ ಬೇರೊಂದು ಹೆಸರು ಬಂತು. ಒಂದು ಮರದ ಹೆಸರು ಮುಂದೆ, ಅಡ್ಕ ಎಂದು ಹಿಂದೆ. ರಸ್ತೆ ಬರುವ ಮೊದಲು ಅಲ್ಲಿದ್ದ ಬಯಲಿನ ಹೆಸರು ಅದು. ಧಣಿಗಳ ಪರ ಇದ್ದವರೂ ವಿರೋಧ ಇದ್ದವರೂ ಅದನ್ನು ಒಂದೇ ಥರ ಹೇಳಿದರು.

ದಾನಪತ್ರ

ಎರಡನೆಯ ತಿರುವು ಇಲ್ಲಿದೆ. ಶಾಲೆಯ ಜಾಗದ ದಾಖಲೆ ಸರಿಮಾಡಲು ಶಾಲಾಭಿವೃದ್ಧಿ ಸಮಿತಿಯಾದ ಎಸ್‌ಡಿಎಂಸಿಯವರು ಹಳೆಯ ದಾನಪತ್ರದ ನಕಲು ತೆಗೆಸಿದರು. ಅದರ ಚಕ್ಕುಬಂದಿಯಲ್ಲಿ, ಗಡಿ ಹೇಳುವ ಸಾಲುಗಳ ನಡುವೆ, ಆ ಜಾಗವನ್ನು ಅದುವರೆಗೆ ಗೇಣಿಗೆ ಮಾಡುತ್ತಿದ್ದ ಒಕ್ಕಲಿನ ಹೆಸರಿತ್ತು. ಅವನಿಂದ ಬಿಡಿಸಿಕೊಂಡ ಜಾಗ ಎಂದೂ ಇತ್ತು.

ಆ ಸಾಲನ್ನು ನಾನು ನಾಲ್ಕು ಸಲ ಓದಿದೆ. ಇಷ್ಟು ದಿನ ನಾವು ಬೇರೆ ಬೇರೆ ಮಾಡಿ ಜಗಳವಾಡಿದ್ದು, ನನ್ನ ಪುಟದ ಎಡಗಡೆ ಮತ್ತು ಬಲಗಡೆ, ಒಂದೇ ನೆಲವಾಗಿತ್ತು. ದಾನ ಕೊಟ್ಟ ಭೂಮಿಯೂ ಅದೇ, ಒಕ್ಕಲೆಬ್ಬಿಸಿದ ಭೂಮಿಯೂ ಅದೇ. ನಾನು ಅ ಆ ಕಲಿತದ್ದು ಒಬ್ಬರ ಗದ್ದೆಯ ಮೇಲೆ ಕೂತು.

ನಕಲು ನನ್ನ ಕೈಯಲ್ಲಿತ್ತು. ಫೋಟೋ ತೆಗೆದು ಗುಂಪಿಗೆ ಹಾಕಲು ಅರ್ಧ ನಿಮಿಷ ಸಾಕು, ಹಾಕಿದ್ದರೆ ನಮ್ಮ ಕಡೆಯವರು ಗೆಲ್ಲುತ್ತಿದ್ದರು. ಟೀಚರಿಗೆ ಮಾತ್ರ ತೋರಿಸಿ ಏನು ಮಾಡುವ ಎಂದು ಕೇಳಿದೆ. ಅವರು ತುಂಬಾ ಹೊತ್ತು ಸುಮ್ಮನಿದ್ದು, ‘ಮೊದಲು ಅವರ ಮನೆಯವರು ಓದಲಿ’ ಎಂದರು. ಇಡೀ ಪ್ರಕರಣದಲ್ಲಿ ಎಲ್ಲಕ್ಕಿಂತ ಸರಿಯಾದ ತೀರ್ಮಾನ ಅದು, ಅದು ನನ್ನದಲ್ಲ.

ಮೊಮ್ಮಗನಿಗೆ ಕೊಟ್ಟೆವು. ಎರಡು ವಾರ ಅವರಿಂದ ಫೋನಿಲ್ಲ. ಆಮೇಲೆ ಅವರೇ ಬಂದು, ಮುಂದಿನ ಸಭೆಯಲ್ಲಿ ಇದನ್ನು ನಾನೇ ಓದುತ್ತೇನೆ ಎಂದರು. ಓದಿದರು. ಬೇರೆ ಯಾರು ಓದಿದ್ದರೂ ಅದು ಆರೋಪವಾಗುತ್ತಿತ್ತು. ಧಣಿಗಳ ಸೊಸೆ ಆ ದಿನವೂ ಹಿಂದಿನ ಬೆಂಚಿನಲ್ಲೇ ಇದ್ದರು. ಏನೂ ಹೇಳಲಿಲ್ಲ, ಎದ್ದೂ ಹೋಗಲಿಲ್ಲ.

ಎರಡನೆಯ ತಪ್ಪು

ಇಷ್ಟೆಲ್ಲ ಆದ ಮೇಲೆ ನಾವು ಕಾಲೊನಿಗೆ ಹೋದೆವು. ಕೊನೆಯಲ್ಲಿ. ಮನೆ ಮನೆಗೆ ಹೋಗುವಾಗ ಬಸ್ ಸ್ಟಾಪಿನಿಂದ ಶುರುಮಾಡಿದ್ದೆವು, ಏರು ಹತ್ತುವ ಹೊತ್ತಿಗೆ ಕತ್ತಲಾಗುತ್ತಿತ್ತು, ನಾಳೆ ನೋಡುವ ಎನ್ನುತ್ತಿದ್ದೆವು. ಹಾಗೆ ತಿಂಗಳೇ ಕಳೆದಿತ್ತು. ರಸ್ತೆ ಮುಗಿಯುವುದೇ ಅವರ ಅಂಗಳದಲ್ಲಿ. ಆದರೂ ಅವರನ್ನು ಕೇಳಬೇಕು ಎಂದು ಯಾರಿಗೂ ಮೊದಲು ಹೊಳೆಯಲಿಲ್ಲ, ನನಗೂ.

ಬುಟ್ಟಿ ಹೆಣೆಯುತ್ತಿದ್ದ ಒಬ್ಬ ಅಜ್ಜಿ ನನ್ನನ್ನು ‘ಧಣಿ’ ಎಂದು ಕರೆದರು. ಹಾಗೆ ಕರೆಯಬೇಡಿ ಎಂದೆ. ಆಯಿತು ಧಣಿ ಎಂದರು. ನಾನು ಚಾಲಗೇಣಿ ಒಕ್ಕಲಿನ ಮೊಮ್ಮಗ. ಆರು ತಿಂಗಳಿಂದ ಧಣಿಗಳ ವಿರುದ್ಧ ಮಾತಾಡುತ್ತಿದ್ದೆ. ಆ ಅಂಗಳದಿಂದ ನೋಡಿದರೆ ನಾನೂ ಧಣಿಯೇ. 1974ರ ಕಾನೂನಿನಿಂದ ನಮಗೆ ಗದ್ದೆ ಬಂತು, ಯಾಕೆಂದರೆ ನಾವು ಗೇಣಿದಾರರು. ಕೊರಗರಿಗೆ ಗೇಣಿಗೆ ಭೂಮಿ ಕೊಟ್ಟವರೇ ಇರಲಿಲ್ಲ, ಅವರು ಯಾವ ಡಿಕ್ಲರೇಶನ್ ಹಾಕಬೇಕಿತ್ತು?

‘ಎಂಕ್ಲೆಡ ಏರ್ಲಾ ಕೇಂಡಿಜೆರ್’ ಎಂದರು ಅಜ್ಜಿ ತುಳುವಿನಲ್ಲಿ. ನಮ್ಮ ಹತ್ತಿರ ಯಾರೂ ಕೇಳಲಿಲ್ಲ ಎಂದು. ಈ ರಸ್ತೆಯಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನಡೆದದ್ದನ್ನು ಹೇಳಿದರು. ಗುತ್ತಿನ ಮನೆಯಲ್ಲಿ ಊಟ ಮುಗಿದ ಮೇಲೆ ಎಲೆಯಲ್ಲಿ ಉಳಿದದ್ದನ್ನು ಕೊಡುತ್ತಿದ್ದುದು, ಅವರ ಅತ್ತೆಗೆ ಕೂದಲು ಉಗುರು ಬೆರೆಸಿದ ಅನ್ನ ತಿನ್ನಿಸಿದ್ದು. ಹುಟ್ಟುವ ಮಗುವಿಗೆ ಬರುವ ಕಂಟಕ ಕೊರಗರಿಗೆ ಹೋಗಲಿ ಎಂದು ಮಾಡುತ್ತಿದ್ದ ಅಜಲು ಅದು. ಅದನ್ನು ಕಾನೂನಿನಿಂದ ನಿಷೇಧಿಸಿದ್ದು 2000ರಲ್ಲಿ, ಅಷ್ಟು ತಡವಾಗಿ. ಅದೇ ಬಾಯಲ್ಲಿ, ಆಟಿ ತಿಂಗಳ ಮಳೆಯಲ್ಲಿ ಧಣಿಗಳ ಹೆಂಡತಿ ಯಾರಿಗೂ ಕಾಣದಂತೆ ಹಿತ್ತಿಲಿನಿಂದ ಅಕ್ಕಿ ಕೊಡುತ್ತಿದ್ದುದನ್ನೂ ಹೇಳಿದರು. ಮೊಮ್ಮಗ ನಮ್ಮ ಜೊತೆಗೇ ನಿಂತು ಕೇಳಿದರು.

ರಸ್ತೆಗೆ ಏನು ಹೆಸರಿಡಲಿ ಎಂದು ಟೀಚರ್ ಕೇಳಿದಾಗ ಅಲ್ಲಿದ್ದ ಒಬ್ಬ ಯುವಕ ಕೈ ತೋರಿಸಿದ. ಹೊಸ ಕಾಂಕ್ರೀಟ್ ಏರಿನ ಮೇಲೆ, ಕೊನೆಯ ದೊಡ್ಡ ಮನೆಯ ಗೇಟಿನ ಹತ್ತಿರ ನಿಂತಿತ್ತು. ಅಲ್ಲಿಂದ ಕಾಲೊನಿಯವರೆಗೆ ಕೆಸರು. ‘ಹೆಸರು ನೀವೇ ಇಟ್ಟುಕೊಳ್ಳಿ, ನಮಗೆ ರೋಡು ಬರಲಿ’ ಎಂದ. ನಾವು ಐದು ಜನವೂ ಆ ಕೆಸರಿನಲ್ಲೇ ನಡೆದು ಬಂದಿದ್ದೆವು. ಯಾರೂ ಗಮನಿಸಿರಲಿಲ್ಲ.

ಮತ್ತೆ ಮೊದಲಿನಿಂದ ಮಾಡುವುದಾದರೆ ನಾನು ರಸ್ತೆಯ ಆ ತುದಿಯಿಂದ ಕೆಳಗೆ ಇಳಿದು ಬರುತ್ತೇನೆ.

ಗ್ರಾಮಸಭೆ ಮತ್ತು ಒಂದು ಕ್ರಿಯಾಪದ

ಗ್ರಾಮಸಭೆಯಲ್ಲಿ ನಿರ್ಣಯವಾಯಿತು. ರಸ್ತೆಗೆ ಹಳೆಯ ಅಡ್ಕದ ಹೆಸರು. ಕಮಾನು ಬೇಡ. ಶಾಲೆಯ ಸಭಾಂಗಣಕ್ಕೆ ಧಣಿಗಳ ಹೆಸರು ಇದ್ದ ಹಾಗೇ ಇರಲಿ, ಯಾಕೆಂದರೆ ಶಾಲೆಗೆ ಅವರು ಕೊಟ್ಟದ್ದು ನಿಜ. ಶಾಲೆಯ ಅಂಗಳದಲ್ಲಿ ಒಂದು ಕಲ್ಲು ಹಾಕಿ, ಜಾಗ ಕೊಟ್ಟವರ ಹೆಸರಿನ ಜೊತೆ ಆ ಭೂಮಿಯನ್ನು ಉತ್ತವರ ಹೆಸರನ್ನೂ ಬರೆಯುವುದು. ಕಾಂಕ್ರೀಟ್ ಮುಂದುವರಿಸುವ ಅನುದಾನ ಬಂದಾಗ ಮೊದಲು ಕಾಲೊನಿಗೆ. ಹತ್ತಿಪ್ಪತ್ತು ಜನ ಎದ್ದು ಹೋದರು, ಎರಡೂ ಕಡೆಯವರು. ಮುಂಬೈಯಲ್ಲಿರುವ ಹಿರಿಯ ಮಗ ಕಮಾನಿನ ಹಣವನ್ನು ಶಾಲೆಗೂ ಕೊಡುವುದಿಲ್ಲ ಎಂದರು. ತಮ್ಮನ ಮಗನ ಹತ್ತಿರ ಅವರು ಈಗಲೂ ಸರಿಯಾಗಿ ಮಾತಾಡುವುದಿಲ್ಲ. ಈ ನಷ್ಟವನ್ನು ಮುಚ್ಚಿಟ್ಟು ಎಲ್ಲ ಚೆನ್ನಾಗಿ ಮುಗಿಯಿತು ಎಂದು ಬರೆಯಲಾರೆ.

ಎಲ್ಲಕ್ಕಿಂತ ಜಾಸ್ತಿ ಹೊತ್ತು ಹಿಡಿದದ್ದು ಕಲ್ಲಿನ ಮೇಲಿನ ಸಾಲು. ಹೆಸರುಗಳಿಗೆ ತಕರಾರು ಇರಲಿಲ್ಲ. ಕ್ರಿಯಾಪದಕ್ಕೆ ಇತ್ತು. ಕುಟುಂಬದವರು ‘ಬಿಟ್ಟುಕೊಟ್ಟರು’ ಎಂದು ಬರೆಯಿರಿ ಎಂದರು. ಟೀಚರ್ ‘ಒಕ್ಕಲೆಬ್ಬಿಸಲಾಯಿತು’ ಎಂದೇ ಆಗಬೇಕು ಎಂದರು. ‘ಬಿಡಿಸಿಕೊಂಡರು’ ಎಂದು ದಾನಪತ್ರದಲ್ಲೇ ಇದೆಯಲ್ಲ, ಅದನ್ನೇ ಹಾಕಿ ಎಂದು ನಾನು ಹೇಳಿದೆ, ಅದಕ್ಕೂ ಒಪ್ಪಿಗೆ ಸಿಗಲಿಲ್ಲ. ಮೂರು ವಾರ ಹೀಗೇ ಹೋಯಿತು. ಹೊರಗಿನವರಿಗೆ ಇದು ಸಣ್ಣ ಸಂಗತಿ ಅನಿಸಬಹುದು. ಒಂದು ಪದದಲ್ಲಿ ಆ ಮನುಷ್ಯ ತಾನಾಗಿ ಹೋದ, ಇನ್ನೊಂದರಲ್ಲಿ ಅವನನ್ನು ಕಳಿಸಿದರು. ಅವನ ಮೊಮ್ಮಕ್ಕಳಿಗೆ ಇರುವುದು ಈ ಒಂದು ಪದ ಮಾತ್ರ.

ಕೊನೆಗೆ ಕಲ್ಲಿನಲ್ಲಿ ಕೆತ್ತಿದ್ದು: ‘ಈ ಭೂಮಿಯನ್ನು ಅವರು ಗೇಣಿಗೆ ಸಾಗುವಳಿ ಮಾಡುತ್ತಿದ್ದರು. ಶಾಲೆಗಾಗಿ ಇಲ್ಲಿಂದ ಹೋಗಬೇಕಾಯಿತು.’

ಹೋಗಬೇಕಾಯಿತು. ಯಾರು ಕಳಿಸಿದರು ಎಂದು ಅದರಲ್ಲಿಲ್ಲ, ಇಷ್ಟಪಟ್ಟು ಹೋದರು ಎಂದೂ ಇಲ್ಲ. ಟೀಚರ್ ಒಪ್ಪಿದರು, ಆದರೆ ಸಂತೋಷದಿಂದ ಅಲ್ಲ. 'ಒಕ್ಕಲೆಬ್ಬಿಸಲಾಯಿತು' ಎನ್ನುವುದೇ ಸರಿಯಾದ ಮಾತು ಎಂದು ನನಗೆ ಈಗಲೂ ಅನಿಸುತ್ತದೆ. ಆದರೆ ಆ ಪದಕ್ಕೆ ಹಟ ಹಿಡಿದಿದ್ದರೆ ಕಲ್ಲು ನಿಲ್ಲುತ್ತಿರಲಿಲ್ಲ, ಆ ಒಕ್ಕಲಿನ ಹೆಸರು ಶಾಲೆಯ ಅಂಗಳಕ್ಕೆ ಬರುತ್ತಿರಲಿಲ್ಲ. ಇದು ಸರಿಯಾದ ಬೆಲೆಯಾ ಎಂದು ಕೇಳಿದರೆ, ದಿನಕ್ಕೊಂದು ಉತ್ತರ ಕೊಡುತ್ತೇನೆ. ಈಗ ಮಕ್ಕಳು ಅದರ ಮುಂದೆ ನಿಂತು ಗೇಣಿ ಎಂದರೇನು ಎಂದು ಕೇಳುತ್ತಾರಂತೆ. ಮುಖ್ಯ ಶಿಕ್ಷಕಿ ಹೇಳಿದ್ದು.

ಕಾಂಕ್ರೀಟ್ ಮರುವರ್ಷದ ಬೇಸಿಗೆಯಲ್ಲಿ ಕಾಲೊನಿಯ ಅಂಗಳ ಮುಟ್ಟಿತು. ಅಡ್ಕದ ಹೆಸರಿನ ಬೋರ್ಡುಗಳು ಎರಡು, ಒಂದು ಸ್ಟಾಪಿನ ಹತ್ತಿರ, ಇನ್ನೊಂದು ಮೇಲೆ. ಕಲ್ಲಿನಲ್ಲಿ ಅಜಲಿನ ಮಾತು ಒಂದಕ್ಷರವೂ ಇಲ್ಲ. ಆಗ ಅದನ್ನು ಎತ್ತಿದರೆ ಆದ ಒಪ್ಪಂದವೂ ಮುರಿಯುತ್ತದೆ ಎಂದು ನಾವೇ, ಅವರನ್ನು ಕೇಳದೆ, ತೀರ್ಮಾನ ಮಾಡಿಬಿಟ್ಟಿದ್ದೆವು. ಕೆಸರಿನ ಕಡೆ ಕೈ ತೋರಿಸಿದ ಆ ಯುವಕ ಮತ್ತು ಕಾಲೊನಿಯ ಇನ್ನೂ ಏಳು ಜನ ಈ ಸಲ ತಾವೇ ಅರ್ಜಿ ಬರೆದು ಪಂಚಾಯತಿಗೆ ಕೊಟ್ಟಿದ್ದಾರೆ. ಇನ್ನೊಂದು ಕಲ್ಲು ಬೇಕು, ಅದರಲ್ಲಿ ಏನು ಬರೆಯಬೇಕೆಂದು ತಾವೇ ಹೇಳುತ್ತೇವೆ ಎಂದು ಅದರಲ್ಲಿದೆ. ಮುಂದಿನ ಗ್ರಾಮಸಭೆಯ ಪಟ್ಟಿಯಲ್ಲಿ ಅದು ನಾಲ್ಕನೆಯ ವಿಷಯ.